ಹಳೇ ದಾವಣಗೆರೆಯ ಕಿರ್ದಿ, ಲಗ್ನಪತ್ರಿಕೆ, ಸೇರು-ಪಾವು: ಡಿಜಿಟಲ್ ಮಾಡುವುದು ಹೇಗೆ?

ಹಳೇಪೇಟೆ
ದಾವಣಗೆರೆ ಹಳೇ ಊರಿನ ಒಂದು ದಲಾಲಿ ಅಂಗಡಿ, ಅದರ ಹಿಂದಿನ ಮನೆ ಎರಡೂ ಎರಡು ತಿಂಗಳಲ್ಲಿ ಕೆಡವಲಿಕ್ಕಿವೆ. ಒಳಗಿರುವ ಸಾಮಾನು: ಕೆಂಪು ಬಟ್ಟೆ ಹೊದಿಕೆಯ ಕಿರ್ದಿ (ದಿನದಿನದ ಜಮಾ-ಖರ್ಚಿನ ಪುಸ್ತಕ) ಮತ್ತು ಖಾತೆ ಪುಸ್ತಕ 38, ಒಂದು ಟ್ರಂಕು ಲಗ್ನಪತ್ರಿಕೆ, ಗಾಜು ಹಾಕಿದ ಸ್ಟುಡಿಯೋ ಫೋಟೊ 22, ಕಡತ (ಮಡಿಸಿಡುವ ಕಪ್ಪು ಬಟ್ಟೆಯ ಲೆಕ್ಕದ ಪುಸ್ತಕ) 2, ಮೂವತ್ತರಷ್ಟು ಆಡಿಯೋ ಕ್ಯಾಸೆಟ್, ಕಾಳು ಅಳೆಯುವ ಸೇರು, ಪಾವಿನಂಥ ಹಿತ್ತಾಳೆ ಮತ್ತು ತಗಡಿನ ಅಳತೆಗಳು, ಬಸ್ ಟಿಕೆಟ್, ರೈಲ್ವೆ ಪಾರ್ಸಲ್ ರಸೀದಿ, ಸಿನಿಮಾ ಕರಪತ್ರಗಳ ಚೀಲ ಒಂದು. ಕೆಲಸಕ್ಕೆ ನಾಲ್ಕು ಜನ ಇದ್ದಾರೆ, 24 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದಿದೆ. ಮೊದಲು ಎಲ್ಲವನ್ನೂ ಬಗೆಬಗೆಯಾಗಿ ವಿಂಗಡಿಸಿ, ಒರೆಸಿ, ಆಮೇಲೆ ಸ್ಕ್ಯಾನ್ ಮಾಡುವುದು ಅಂತ ಯೋಜನೆ. ಸರಿಯೇ?

ಕಿರ್ದಿಖಾತೆ
ವಿಂಗಡಿಸಬ್ಯಾಡ್ರಿ. ಒರೆಸಲೂಬ್ಯಾಡ್ರಿ. ಮೊದಲು ಇದ್ದಲ್ಲೇ ನಂಬರು ಕೊಡ್ರಿ.

ಲಗ್ನಪತ್ರಿಕೆ ಎಲ್ಲ ಒಂದು ಕಡೆ, ಟಿಕೆಟ್ ಎಲ್ಲ ಇನ್ನೊಂದು ಕಡೆ ಹಾಕಿದ ದಿನವೇ ಅರ್ಧ ಚರಿತ್ರೆ ಹೋದಂತೆ. ಕಿರ್ದಿಯ ನಡುವೆ ಸಿಕ್ಕ ಪಾರ್ಸಲ್ ರಸೀದಿ ಆ ಪುಟದ ಮಾಲಿನದ್ದೇ ಆಗಿರುತ್ತದೆ. ಲಗ್ನಪತ್ರಿಕೆಯ ಹಿಂಭಾಗದ ಖಾಲಿ ಜಾಗದಲ್ಲಿ ಹತ್ತಿ ತೂಕದ ಲೆಕ್ಕ ಬರೆದಿರುತ್ತಾರೆ. ಆ ಲೆಕ್ಕ ಯಾವ ಅಂಗಡಿಯದ್ದು ಅಂತ ತಿಳಿಯುವುದು ಅದು ಎಲ್ಲಿತ್ತು ಎಂಬುದರಿಂದ ಮಾತ್ರ.

ಮೊದಲು ಕೋಣೆಯ ನಾಲ್ಕೂ ಗೋಡೆಯ ಫೋಟೊ ತಗೊಳ್ರಿ, ಯಾವ ಫ್ರೇಮು ಯಾವುದರ ಪಕ್ಕ ಇತ್ತು ಅನ್ನುವುದು ಕಾಣುವಂತೆ. ಆಮೇಲೆ ಟ್ರಂಕು ತೆರೆದು, ಮೇಲಿನ ಪದರದ ಫೋಟೊ, ಅದನ್ನು ಎತ್ತಿ ಕೆಳಗಿನ ಪದರದ ಫೋಟೊ, ಹೀಗೆ ತಳದವರೆಗೆ. ಪ್ರತಿ ವಸ್ತುವಿಗೂ ಒಂದು ಬಿಳಿ ಕಾಗದದ ಚೀಟಿ, ಅದರ ಮೇಲೆ 2ಬಿ ಪೆನ್ಸಿಲಲ್ಲಿ ನಂಬರು. ಅಂಟು ಚೀಟಿ, ಜೆಮ್ ಕ್ಲಿಪ್, ರಬ್ಬರ್ ಬ್ಯಾಂಡ್, ಬಾಲ್‌ಪೆನ್ ಯಾವುದೂ ಬೇಡ. ಪುಸ್ತಕದೊಳಗೆ ಸಿಕ್ಕ ಚೀಟಿಗೆ ಆ ಪುಸ್ತಕದ್ದೇ ನಂಬರು, ಕೊನೆಗೆ ಪುಟಸಂಖ್ಯೆ. ಅದನ್ನು ಅದೇ ಜಾಗದಲ್ಲಿಟ್ಟು ಒಂದು ಫೋಟೊ, ಹೊರಗೆ ತೆಗೆದು ಎರಡೂ ಬದಿಯ ಫೋಟೊ.

ಕಿರ್ದಿಯ ಮೊದಲ ಪುಟದಲ್ಲಿ "ಶ್ರೀ" ಬರೆದು ಅರಿಶಿನ ಕುಂಕುಮ ಹಚ್ಚಿರುತ್ತಾರೆ. ಅದು ಕೊಳೆಯಲ್ಲ. ದೀಪಾವಳಿ ಪೂಜೆಯ ಗುರುತು ಅದು, ಹೊಸ ಕಿರ್ದಿ ಶುರುವಾದ ದಿನವನ್ನು ಅದೇ ಹೇಳುತ್ತದೆ. ಹಾಗಾಗಿ ಬೆನ್ನಿನ ಮೇಲೆ 1951 ಅಂತಿದ್ದರೆ ಅದರೊಳಗೆ 1952ರ ಶರತ್ಕಾಲದವರೆಗಿನ ಲೆಕ್ಕವೂ ಇರಬಹುದು. ಪಟ್ಟಿಯಲ್ಲಿ ಒಂದೇ ಇಸವಿ ಬರೆಯಬ್ಯಾಡ್ರಿ.

ಲ್ಯಾಬ್‌ಮೇಜು
ಕ್ಯಾಮೆರಾ ಮುಂದೆ ಇಡುವ ಮೊದಲು ಬೂಷ್ಟು, ಹುಳ ನೋಡಿಕೊಳ್ಳಿ. ಬೂಷ್ಟು ಹಿಡಿದ ಪುಸ್ತಕವನ್ನು ಉಳಿದವುಗಳಿಂದ ಕೂಡಲೇ ಬೇರೆ ಕೋಣೆಗೆ ಒಯ್ಯಿರಿ. ಮುಟ್ಟುವವರಿಗೆ ಎನ್95 ಮಾಸ್ಕ್, ಕೈಗವಸು ಕಡ್ಡಾಯ. ಬಿಸಿಲಿಗೆ ಒಣಹಾಕಬಾರದು. ಕಾಗದ ಸುರುಳಿಯಾಗುತ್ತದೆ, ಶಾಯಿ ಮಾಸುತ್ತದೆ. ನೆರಳಲ್ಲಿ ಫ್ಯಾನ್ ಹಾಕಿ ಒಣಗಿಸಿ, ಆದರೆ ಗಾಳಿ ನೇರ ಪುಸ್ತಕದ ಮೇಲೆ ಬೀಸದಿರಲಿ. ಕೋಣೆಯ ತೇವಾಂಶ 60 ಶೇಕಡಾಕ್ಕಿಂತ ಕೆಳಗಿರಲಿ, ಅಳೆಯುವ ಸಣ್ಣ ಮೀಟರು ಕಡಿಮೆ ಬೆಲೆಗೆ ಸಿಗುತ್ತದೆ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮೃದು ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಸವರಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದ ನಾರಿನೊಳಗೆ ಇಳಿಯುತ್ತದೆ.

ಗೆದ್ದಲು ಅಥವಾ ಪುಸ್ತಕದ ಹುಳ ಜೀವಂತ ಇದ್ದರೆ: ಪುಸ್ತಕವನ್ನು ದಪ್ಪ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಅಥವಾ ಇನ್ನೂ ಕೆಳಗೆ ಎರಡು ವಾರ. ಹೊರಗೆ ತೆಗೆದು 24 ಗಂಟೆ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಹೊರಗಿನ ತೇವ ತಣ್ಣನೆಯ ಕಾಗದದ ಮೇಲೆ ನೀರಾಗಿ ಕೂರುತ್ತದೆ. ಗಾಜಿನ ನೆಗೆಟಿವ್, ಫೋಟೊ, ಕ್ಯಾಸೆಟ್ ಫ್ರೀಜರಿಗೆ ಬೇಡ. ನುಸಿಗುಳಿಗೆಯನ್ನು ಫೋಟೊ ಪೆಟ್ಟಿಗೆಯಲ್ಲಿ ಇಡಬೇಡಿ.

ಲ್ಯಾಮಿನೇಷನ್ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಈಚಿನ ಬಸ್ ಟಿಕೆಟ್ ಉಷ್ಣಕಾಗದದ್ದು, ಲ್ಯಾಮಿನೇಷನ್ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಸುಮ್ಮನಿಟ್ಟರೂ ಅಕ್ಷರ ಮಾಯವಾಗುತ್ತದೆ. ಇಡೀ ಸಂಗ್ರಹದಲ್ಲಿ ಮೊದಲು ಫೋಟೊ ತೆಗೆಯಬೇಕಾದ್ದು 1940ರ ಕಿರ್ದಿಯಲ್ಲ, ಮಶೀನಿನ ಟಿಕೆಟ್ಟು.

ಮಂಡಕ್ಕಿಭಟ್ಟಿ
ಮೊಬೈಲ್ ಸ್ಕ್ಯಾನರ್ ಆಪ್ ಸಾಲದಾ ಸರ್? ವೇಗವಾಗಿ ಆಗುತ್ತದಲ್ಲ.

ಲ್ಯಾಬ್‌ಮೇಜು
ಸಾಲದು. ಆಪ್ ಅಂಚು ಕತ್ತರಿಸುತ್ತದೆ, ಕಾಗದವನ್ನು ಬೆಳ್ಳಗೆ ಮಾಡುತ್ತದೆ, ಪೆನ್ಸಿಲ್ ಗುರುತನ್ನು ಕಲೆ ಅಂತ ಅಳಿಸುತ್ತದೆ. ಕಿರ್ದಿಯ ಅಂಚಿನಲ್ಲೇ "ಚುಕ್ತಾ" (ಬಾಕಿ ತೀರಿತು) ಅಂತ ಬರೆದಿರುತ್ತಾರೆ, ಹೋಗುವುದು ಮೊದಲು ಅದೇ.

24 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದರೆ 6000 × 4000 ಪಿಕ್ಸೆಲ್. 13 ಅಂಗುಲ ಉದ್ದದ ಪುಟ ಒಂದನ್ನೇ ಚೌಕಟ್ಟಿನ ತುಂಬ ತೆಗೆದರೆ ಅಂಗುಲಕ್ಕೆ 460 ಪಿಕ್ಸೆಲ್ ಸಿಗುತ್ತದೆ. ಕೈಬರಹಕ್ಕೆ 300ರಿಂದ 400 ಬೇಕು, ಹಾಗಾಗಿ ಧಾರಾಳ. ಫೋಟೊ ಮುದ್ರಣಗಳಿಗೆ 600 ಇರಲಿ, ಅವುಗಳಿಗೆ ಫ್ಲಾಟ್‌ಬೆಡ್ ಸ್ಕ್ಯಾನರೇ ಒಳ್ಳೆಯದು. 35 ಮಿ.ಮೀ. ನೆಗೆಟಿವ್ ಇದ್ದರೆ 3000ದಿಂದ 4000.

ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿದರೆ ಪುಟದಿಂದ ಸುಮಾರು 80 ಸೆಂ.ಮೀ. ಮೇಲೆ ಬರುತ್ತದೆ. ಐಎಸ್ಒ 100, ಎಫ್ 8, ಬಣ್ಣದ ಸಮತೋಲನ ಬೂದು ಕಾರ್ಡಿನಿಂದ ಕೈಯಾರೆ, ಕಚ್ಚಾ (ರಾ) ಫೈಲ್, 2 ಸೆಕೆಂಡಿನ ಟೈಮರ್. ಎರಡು ಎಲ್‌ಇಡಿ ದೀಪ, ಎರಡೂ ಒಂದೇ ಕಂಪನಿಯವು, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 95 ಅಥವಾ ಮೇಲೆ, ಎರಡು ಬದಿಯಿಂದ 45° ಕೋನ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಚಿತ್ರದಲ್ಲಿ ಅಡ್ಡಪಟ್ಟಿ ಬಂದರೆ ಅದು ಅಗ್ಗದ ಎಲ್‌ಇಡಿಯ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/25ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ.

ಕ್ಯಾಮೆರಾ ಪುಟಕ್ಕೆ ನೆಟ್ಟಗಿದೆಯೋ ಇಲ್ಲವೋ ನೋಡಲು ಪುಟ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಪರದೆಯ ನಟ್ಟನಡುವೆ ಕಂಡರೆ ನೆಟ್ಟಗಿದೆ. ಬದಿಗೆ ಸರಿದರೆ ಸ್ಟ್ಯಾಂಡ್ ಓರೆಯಾಗಿದೆ, ಪುಟದ ಒಂದು ಮೂಲೆ ಮಸುಕಾಗುತ್ತದೆ.

ಹಳೆಯ ಖಾತೆ ಪುಸ್ತಕವನ್ನು 180° ಬಿಡಿಸಿದರೆ ಹೊಲಿಗೆ ಕಿತ್ತುಬರುತ್ತದೆ. ಥರ್ಮಾಕೋಲ್ ತುಂಡುಗಳಿಗೆ ಬಟ್ಟೆ ಸುತ್ತಿ 100°ಯಷ್ಟು ತೆರೆದುಕೊಳ್ಳುವ ತೊಟ್ಟಿಲು ಮಾಡಿ. ಒಂದೇ ಕ್ಯಾಮೆರಾ ಇರುವುದರಿಂದ ಮೊದಲು ಬಲಪುಟಗಳನ್ನೆಲ್ಲ ಕೊನೆಯವರೆಗೆ ತೆಗೆದು, ಪುಸ್ತಕ ತಿರುಗಿಸಿ, ಎಡಪುಟಗಳನ್ನು ತೆಗೆಯಿರಿ, ಆಮೇಲೆ ಹೆಸರು ಬದಲಿಸಿ ಒಂದರ ನಡುವೆ ಒಂದು ಸೇರಿಸಿ. ಎರಡು ಹಾಳೆ ಒಟ್ಟಿಗೆ ತಿರುಗಿಹೋಗುವುದು ಇಲ್ಲಿನ ದೊಡ್ಡ ತಪ್ಪು. ಶುರುವಿನಲ್ಲೇ ಹಾಳೆ ಎಣಿಸಿ ಬರೆದಿಡಿ: ಬಲದ ಫೈಲುಗಳೂ ಎಡದ ಫೈಲುಗಳೂ ಅಷ್ಟೇ ಇರಬೇಕು. ಒಂದು ಕಡಿಮೆಯಾದರೂ ಅದೇ ದಿನ ಹುಡುಕಿ. ಇಬ್ಬರು ಕೂತರೆ ಗಂಟೆಗೆ 150 ಪುಟ ನೆಮ್ಮದಿಯಾಗಿ ಆಗುತ್ತದೆ.

ಹಳೇಪೇಟೆ
ಗೋಡೆಯ ಫೋಟೊಗಳಲ್ಲಿ ಐದಾರು ಗಾಜಿಗೆ ಅಂಟಿಕೊಂಡಿವೆ. ಕಡತಗಳ ಮಡಿಕೆ ಬಿರಿದಿದೆ. ಎರಡಕ್ಕೂ ದಾರಿ ಹೇಳಿ.

ಲ್ಯಾಬ್‌ಮೇಜು
ಅಂಟಿದ್ದನ್ನು ಎಬ್ಬಿಸಬೇಡಿ. ಫೋಟೊದ ಜೆಲಾಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜಿಗೆ ಹಿಡಿದಿದೆ, ಎಬ್ಬಿಸಿದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ, ಕೈಗೆ ಬರೀ ಕಾಗದ ಬರುತ್ತದೆ. ಗಾಜಿನ ಮೇಲಿಂದಲೇ ತೆಗೆಯಿರಿ. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ, ಹೊಳಪು ಕಪ್ಪಾಗುವವರೆಗೆ ಫಿಲ್ಟರ್ ತಿರುಗಿಸಿ. ಅಂಟದ ಫೋಟೊಗಳನ್ನು ಫ್ರೇಮಿನ ಹಿಂಬದಿಯಿಂದ ಬಿಡಿಸಿ, ಹಿಂಭಾಗವನ್ನೂ ತೆಗೆಯಿರಿ. ಸ್ಟುಡಿಯೋ ಮೊಹರು, ಶಾಯಿಯಲ್ಲಿ ಬರೆದ ನೆಗೆಟಿವ್ ನಂಬರು ಅಲ್ಲೇ ಇರುತ್ತದೆ. ರಟ್ಟಿನ ಮೇಲೆ ಉಬ್ಬಾಗಿ ಒತ್ತಿದ ಸ್ಟುಡಿಯೋ ಹೆಸರು ನೇರ ಬೆಳಕಿನಲ್ಲಿ ಕಾಣದು. ಒಂದು ದೀಪ ಆರಿಸಿ, ಇನ್ನೊಂದನ್ನು ಮೇಜಿನ ಮಟ್ಟಕ್ಕೆ, 15°ಗೆ ಇಳಿಸಿದರೆ ಅಕ್ಷರ ಎದ್ದು ಬರುತ್ತದೆ.

ಕಿರ್ದಿಖಾತೆ
ಕಡತದ ಬಗ್ಗೆ ನಾನು ಹೇಳ್ತೀನಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆದದ್ದು ಅದು. ಅಂದರೆ ಅಕ್ಷರ ಮೇಲ್ಮೈಯಲ್ಲಿ ಬರೀ ಪುಡಿಯಾಗಿ ನಿಂತಿದೆ. ಬ್ರಷ್ಷೂ ಬೇಡ, ಊದುವುದೂ ಬೇಡ, ಪುಟದ ಮೇಲೆ ಗಾಜು ಒತ್ತುವುದಂತೂ ಬೇಡವೇ ಬೇಡ. ಮಡಿಕೆಯನ್ನು ಎಷ್ಟು ಬರುತ್ತದೋ ಅಷ್ಟೇ ತೆರೆದು, ಒಂದೊಂದು ಮುಖ ತೆಗೀರಿ. ಕ್ಯಾಮೆರಾ ಕಪ್ಪು ಹಿನ್ನೆಲೆ ನೋಡಿ ಬೆಳಕು ಹೆಚ್ಚಿಸುತ್ತದೆ, ಬಿಳಿ ಅಕ್ಷರ ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೆಳಕನ್ನು ಒಂದೂವರೆ ಸ್ಟಾಪ್ (ಕ್ಯಾಮೆರಾದಲ್ಲಿ ಬೆಳಕಿನ ಅಳತೆ) ಕಡಿಮೆ ಮಾಡ್ರಿ. ಕಡತವನ್ನು ಅಳಿಸಿ ಮತ್ತೆ ಬರೆಯುತ್ತಿದ್ದರು, ಹಾಗಾಗಿ ಓರೆ ಬೆಳಕಿನಲ್ಲಿ ಪ್ರತಿ ಮುಖವನ್ನು ಇನ್ನೊಮ್ಮೆ ತೆಗೀರಿ. ಅಳಿಸಿದ ಗೀರು ಕೆಲವೊಮ್ಮೆ ಅದರಲ್ಲಿ ಸಿಗುತ್ತದೆ.

ಇನ್ನು ಲೆಕ್ಕದ ಓದು. ಹಳೆಯ ಕಿರ್ದಿಯಲ್ಲಿ ರೂಪಾಯಿಯ ಮುಂದೆ ನೇರ ಗೀಟು ಇದ್ದರೆ ಅದು ಒಂದು ಅಂಕಿಯಲ್ಲ. ಒಂದು ಗೀಟು ನಾಲ್ಕಾಣೆ, ಎರಡು ಗೀಟು ಎಂಟಾಣೆ, ಮೂರು ಗೀಟು ಹನ್ನೆರಡಾಣೆ. ಬಿಡಿ ಆಣೆಗೆ ಬೇರೆ ಅಡ್ಡ ಅಥವಾ ಓರೆ ಗೀಟು. "7॥।" ಎಂದರೆ ಏಳು ರೂಪಾಯಿ ಹನ್ನೆರಡಾಣೆ. ಬರೆದುಕೊಳ್ಳುವ ಹುಡುಗರು ಇದನ್ನು 7111 ಅಂತ ಎಕ್ಸೆಲ್‌ಗೆ ಏರಿಸಿದರೆ ಇಡೀ ವರ್ಷದ ಹತ್ತಿ ಧಾರಣೆ ಹಾಳಾಯಿತು. ಪುಟದ ಕೆಳಗಿನ ಮೊತ್ತವನ್ನು ಕೂಡಿಸಿ ತಾಳೆ ನೋಡ್ರಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತಾಳೆ ಬಿದ್ದರೆ ಓದು ಸರಿ. ಈ ಗೀಟುಗಳಿಗೆ ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳೂ ಇವೆ.

ಹರಿಹರದ ಕಡೆಯವರು
ತಾರೀಖಿಲ್ಲದ ಕಾಗದಗಳಿಗೆ ಕಾಲ ಗೊತ್ತುಮಾಡುವುದು ಹೇಗೆ ಎಂದು ಯಾರೂ ಹೇಳಿಲ್ಲ. ದಾವಣಗೆರೆಯ ಮಟ್ಟಿಗೆ ಉಪಯೋಗಕ್ಕೆ ಬರುವವು ಇವು.

ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಹೋಗಿ "ಕರ್ನಾಟಕ" ಬಂದಿದ್ದರೆ 1973ರ ನವೆಂಬರ್ 1ರ ಈಚಿನದು. "ಚಿತ್ರದುರ್ಗ ಜಿಲ್ಲೆ, ದಾವಣಗೆರೆ" ಅಂತಿದ್ದರೆ ಸಾಮಾನ್ಯವಾಗಿ 1997ಕ್ಕೆ ಹಿಂದಿನದು, ಜಿಲ್ಲೆ ಬೇರೆಯಾದದ್ದು ಆ ವರ್ಷ. ಬಸ್ ಟಿಕೆಟ್ಟಿನಲ್ಲಿ "ಎಂ.ಎಸ್.ಆರ್.ಟಿ.ಸಿ." (ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ) ಕಂಡರೆ 1961ರಿಂದ 1973ರ ನಡುವೆ. ಪಾರ್ಸಲ್ ರಸೀದಿಯಲ್ಲಿ "ದಕ್ಷಿಣ ರೈಲ್ವೆ" ಇದ್ದರೆ 1951ರ ನಂತರ, "ನೈಋತ್ಯ ರೈಲ್ವೆ" ಇದ್ದರೆ 2003ರ ನಂತರ. "ನಯಾಪೈಸೆ" ಎಂಬ ಮಾತು ಅಧಿಕೃತವಾಗಿ ಇದ್ದದ್ದು 1957ರ ಏಪ್ರಿಲ್‌ನಿಂದ 1964ರ ಜೂನ್‌ವರೆಗೆ.

ಇವು ಒಂದೇ ದಿಕ್ಕಿಗೆ ನಡೆಯುವ ಸಾಕ್ಷ್ಯ. ಪಿನ್‌ಕೋಡ್ ಇದ್ದರೆ 1972ಕ್ಕೆ ಹಿಂದಿನದಲ್ಲ ಎಂದು ಖಚಿತ. ಇಲ್ಲದಿದ್ದರೆ ಏನೂ ಖಚಿತವಲ್ಲ, ಜನ ಎಷ್ಟೋ ವರ್ಷ ಪಿನ್‌ಕೋಡ್ ಬರೆಯದೆ ಪತ್ರ ಹಾಕಿದ್ದಾರೆ. ಹಳೆಯ ಲೆಟರ್‌ಹೆಡ್ ಖರ್ಚಾಗುವವರೆಗೆ ಅಂಗಡಿಯವರು ಹೊಸದು ಹಾಕಿಸುತ್ತಿರಲಿಲ್ಲ. ಆಣೆ ಲೆಕ್ಕವೂ ಅಷ್ಟೇ, ಕಾನೂನು ಬದಲಾದ ಮೇಲೂ ಕೈ ಬದಲಾಗಲಿಲ್ಲ.

ಲಗ್ನಪತ್ರಿಕೆಗಳು ಸುಲಭ. ಶಾಲಿವಾಹನ ಶಕೆಗೆ 78 ಕೂಡಿಸಿ. ಶಕೆ 1890, ಕೀಲಕ ಸಂವತ್ಸರ, ವೈಶಾಖ ಎಂದರೆ 1968. ಆದರೆ ಅದೇ ಶಕೆ 1890ರ ಮಾಘ, ಫಾಲ್ಗುಣ ಬಂದರೆ 1969, ಅಲ್ಲಿ 79 ಕೂಡಿಸಬೇಕು. ಪುಷ್ಯ ಡಿಸೆಂಬರಿಗೂ ಬೀಳಬಹುದು, ಜನವರಿಗೂ ಬೀಳಬಹುದು, ಅದನ್ನು ಪಂಚಾಂಗ ನೋಡಿಯೇ ಬರೆಯಿರಿ. ಶಕೆ ಹರಿದುಹೋಗಿ ಸಂವತ್ಸರ ಮಾತ್ರ ಉಳಿದಿದ್ದರೆ ಕೀಲಕ ಎಂಬುದು 1908ರದ್ದೂ ಆಗಬಹುದು, 1968ರದ್ದೂ ಆಗಬಹುದು. ಅರವತ್ತು ವರ್ಷದ ಅಂತರವನ್ನು ಮುದ್ರಣದ ಬಗೆ, ಫೋನ್ ನಂಬರು, ಬಸ್ಸಿನ ಉಲ್ಲೇಖ ಬಿಡಿಸಿಕೊಡುತ್ತವೆ. ಪಟ್ಟಿಯಲ್ಲಿ "ಕಾಲ" ಮತ್ತು "ಕಾಲಕ್ಕೆ ಆಧಾರ" ಎರಡು ಬೇರೆ ಕಾಲಂ ಇರಲಿ.

ಒತ್ತಕ್ಷರ
ಫೈಲ್ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ ಬೇಡ. ಬರೀ ಅಂಕಿ ಮತ್ತು ಅಡ್ಡಗೆರೆ ಸಾಕು: 0012-003-1 ಅಂದರೆ 12ನೇ ವಸ್ತು, 3ನೇ ಹಾಳೆ, ಮುಂಬದಿ. ವಿವರವೆಲ್ಲ ಪಟ್ಟಿಯಲ್ಲಿ, ಕನ್ನಡದಲ್ಲೇ, ಯುನಿಕೋಡ್‌ನಲ್ಲೇ ಇರಲಿ. ಹಳೇ 'ನುಡಿ' ಅಥವಾ 'ಬರಹ' ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಟ್ಟಿ ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ, ಹುಡುಕಲಿಕ್ಕೂ ಬರುವುದಿಲ್ಲ. ಪರಿವರ್ತಕದಲ್ಲಿ ಹಾಕಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ.

ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದ ಕರಪತ್ರ, ಲಗ್ನಪತ್ರಿಕೆಗಳಿಗೆ, ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ ಟೆಸೆರಾಕ್ಟ್‌ನ ಕನ್ನಡ ಮಾದರಿ ಓಡಿಸಬಹುದು. ಒತ್ತಕ್ಷರ ಸವೆದಿದ್ದಲ್ಲಿ ತಪ್ಪುತ್ತದೆ, ಅಲಂಕಾರದ ದಪ್ಪಕ್ಷರದಲ್ಲಿ ಪೂರ್ತಿ ಸೋಲುತ್ತದೆ. ಕಿರ್ದಿಯ ಕೈಬರಹಕ್ಕೆ ಅದರ ಆಸೆಯೇ ಬೇಡ. 38 ಪುಸ್ತಕವನ್ನೂ ಅಕ್ಷರಕ್ಕೆ ಇಳಿಸುವ ಹಟ ಬಿಟ್ಟು, ಪ್ರತಿ ಪುಟಕ್ಕೆ ತಿಂಗಳು, ಮಾಲು, ಹಳ್ಳಿಯ ಹೆಸರು ಈ ಮೂರನ್ನಷ್ಟೇ ಬರೆಯಿರಿ. ಹುಡುಕುವವರಿಗೆ ದಾರಿ ಸಿಗುತ್ತದೆ.

ಮಂಡಕ್ಕಿಭಟ್ಟಿ
ಕ್ಯಾಸೆಟ್ ಬಗ್ಗೆ ಚುಟುಕಾಗಿ. ಹಾಕುವ ಮೊದಲು ಒಳಗಿನ ಒತ್ತುಪಟ್ಟಿಯ ಸ್ಪಂಜು ಇದೆಯಾ ನೋಡಿ, ಬಿದ್ದಿದ್ದರೆ ಧ್ವನಿ ಮಂಕಾಗಿ ಏರಿಳಿಯುತ್ತದೆ. ಹಾಗಾಗಿದ್ದರೆ ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಿ. ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಆಮೇಲೆ ರೆಕಾರ್ಡ್ ಮಾಡಿ. ಧ್ವನಿ ಮಂದವಾಗಿದ್ದರೆ ಹೆಡ್‌ನ ಪಕ್ಕದ ಚಿಕ್ಕ ಸ್ಕ್ರೂವನ್ನು ಸ-ಷ ಸ್ಪಷ್ಟವಾಗುವವರೆಗೆ ಕೂದಲೆಳೆಯಷ್ಟು ತಿರುಗಿಸಿ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್, 60 ನಿಮಿಷಕ್ಕೆ ಒಂದು ಜಿಬಿ ಆಗುತ್ತದೆ. ಗದ್ದಲ ತೆಗೆಯುವ ಫಿಲ್ಟರ್ ಮೂಲ ಫೈಲಿಗೆ ಹಾಕಬೇಡಿ, ಹಿನ್ನೆಲೆಯ ಬೀದಿಯ ಸದ್ದೂ ಊರಿನದ್ದೇ.

ಹರಿಹರದ ಕಡೆಯವರು
ಒಂದು ತಕರಾರಿದೆ. ಖಾತೆ ಪುಸ್ತಕ ಅಂದರೆ ಸಾಲಗಾರರ ಪಟ್ಟಿ. ಹೆಸರು, ಜಾತಿ, ಊರು, ಬಾಕಿ ಎಲ್ಲ ಇರುತ್ತದೆ. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಅದನ್ನು ಇಂಟರ್ನೆಟ್ಟಿಗೆ ಹಾಕುವುದು ತಪ್ಪು.

ಕಿರ್ದಿಖಾತೆ
ಹೆಸರು ಮುಚ್ಚಿದರೆ ಉಳಿಯುವುದೇನ್ರಿ? ದೊಡ್ಡವರ ಹೆಸರು ಕಲ್ಲಿನ ಮೇಲಿದೆ. ಮೂರು ಅಂಡಿಗೆ (ಹೊರೆಚೀಲ) ಹತ್ತಿ ತಂದ ರೈತನ ಹೆಸರು ಬರೆದದ್ದು ಈ ಪುಸ್ತಕ ಒಂದೇ.

ಹರಿಹರದ ಕಡೆಯವರು
ಆ ಮಾತು ಒಪ್ಪುತ್ತೇನೆ, ಆದರೆ ಆ ರೈತನನ್ನು ಯಾರೂ ಕೇಳಿಲ್ಲ. ಮೂಲ ಫೈಲಿನಲ್ಲಿ ಒಂದಕ್ಷರವೂ ಮುಚ್ಚಬೇಡಿ, ಅದು ಬೀಗದಲ್ಲಿರಲಿ. ಹೊರಗೆ ಕೊಡುವ ಪ್ರತಿಯಲ್ಲಿ 75 ವರ್ಷದೊಳಗಿನ ಪುಟಗಳ ಹೆಸರು, ಜಾತಿ ಮಾತ್ರ ಮುಚ್ಚಿ. ಹಳ್ಳಿ, ಮಾಲು, ತೂಕ, ಧಾರಣೆ ತೆರೆದಿರಲಿ. ಸ್ವಂತ ಮನೆತನದವರು ಬಂದು ಕೇಳಿದರೆ ಪೂರ್ತಿ ಪುಟ ತೋರಿಸಿ. ಪಡಿತರ ಚೀಟಿ, ಆಸ್ಪತ್ರೆ ಚೀಟಿಗಳಿಗೂ ಇದೇ ನಿಯಮ ಇರಲಿ.

ಕಿರ್ದಿಖಾತೆ
ಹಾಗಾದರೆ ಒಪ್ಪಿಗೆ. ಕೊಟ್ಟ ಮನೆಯವರಿಂದ ಕನ್ನಡದಲ್ಲಿ ಒಂದು ಪುಟದ ಸಮ್ಮತಿ ಪತ್ರ ಬರೆಸಿಕೊಳ್ರಿ: ಮೂಲ ವಸ್ತು ಯಾರ ಬಳಿ ಉಳಿಯುತ್ತದೆ, ಪ್ರತಿ ಎಲ್ಲಿ ಹಾಕುತ್ತೀರಿ, ಬೇಡವೆಂದರೆ ಇಳಿಸುತ್ತೀರಾ, ಈ ಮೂರು ಸ್ಪಷ್ಟ ಇರಬೇಕು. ಸ್ಟುಡಿಯೋ ಫೋಟೊದ ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರ ತೆಗೆಸಿಕೊಂಡವರೇ. ಸಿನಿಮಾ ಕರಪತ್ರದ ವಿಷಯ ಬೇರೆ, ಅವನ್ನು ಒಂದೊಂದಾಗಿ ನೋಡಬೇಕು.

ಒತ್ತಕ್ಷರ
ಜಾಗದ ಲೆಕ್ಕ: 38 ಪುಸ್ತಕ, ತಲಾ 200 ಪುಟ ಹಿಡಿದರೆ 7,600 ಪುಟ. 24 ಮೆಗಾಪಿಕ್ಸೆಲ್‌ನ ಟಿಫ್ (ಕುಗ್ಗಿಸದ ಚಿತ್ರದ ಫೈಲ್) ಒಂದಕ್ಕೆ 72 ಎಂಬಿ, ಒಟ್ಟು ಸುಮಾರು 547 ಜಿಬಿ. 2 ಟಿಬಿಯ ಡಿಸ್ಕ್ ಎರಡು, ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಮನೆಯಲ್ಲಿ. ಹೊರಗೆ ಕೊಡಬಹುದಾದ ಪ್ರತಿ ಇಂಟರ್ನೆಟ್ ಆರ್ಕೈವ್‌ಗೆ. ಪ್ರತಿ ಫೈಲಿನ ಶಾ-256 ಮೊತ್ತ (ಫೈಲು ಸ್ವಲ್ಪ ಕೆಟ್ಟರೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ಪಟ್ಟಿಯಲ್ಲಿಡಿ, ಆರು ತಿಂಗಳಿಗೊಮ್ಮೆ ಡಿಸ್ಕ್ ಹಚ್ಚಿ ತಾಳೆ ನೋಡಿ. ಪೆನ್‌ಡ್ರೈವ್‌ನಲ್ಲಿಟ್ಟು ಬೀರುವಿಗೆ ಹಾಕುವುದು ಸಂರಕ್ಷಣೆಯಲ್ಲ.

ಹಳೇಪೇಟೆ
ಎಲ್ಲರಿಗೂ ನಮಸ್ಕಾರ. ವಿಂಗಡಣೆ ನಿಲ್ಲಿಸಿದ್ದೇವೆ, ನಂಬರು ಶುರುವಾಗಿದೆ. ಕೊನೆಯದಾಗಿ, ಸೇರು, ಪಾವು, ಚಟಾಕುಗಳ ಫೋಟೊ ಎರಡು ಬದಿಯಿಂದ ತೆಗೆದರೆ ಸಾಕಲ್ಲ?

ಕಿರ್ದಿಖಾತೆ
ಸಾಲದು. ಆ ಕಿರ್ದಿಗಳಿಗೆ ಬೀಗದ ಕೈ ಅವೇ. ಸೇರು, ಮಣ ಊರಿಂದೂರಿಗೆ ಬೇರೆ ಇತ್ತು. ಆ ಅಂಗಡಿಯ ಸೇರು ಎಷ್ಟು ಹಿಡಿಯುತ್ತಿತ್ತು ಅನ್ನುವುದು ಆ ಅಂಗಡಿಯ ಸೇರಿನಿಂದಲೇ ತಿಳಿಯಬೇಕು. ನೀರು ಹಾಕಬ್ಯಾಡ್ರಿ, ತಗಡು ತುಕ್ಕು ಹಿಡಿದಿರುತ್ತದೆ. ಒಣ ರಾಗಿ ತುಂಬಿ, ಅಲುಗಾಡಿಸದೆ, ಪಟ್ಟಿಯಿಂದ ಅಂಚಿಗೆ ಸಮ ಮಾಡಿ, ಗೆರೆ ಇರುವ ಲೀಟರ್ ಪಾತ್ರೆಗೆ ಸುರಿದು ಅಳೀರಿ. ಮೂರು ಸಲ ಅಳೆದು ಮೂರನ್ನೂ ಬರೀರಿ. ಆಮೇಲೆ ರಾಶಿ ನಿಲ್ಲುವಂತೆ ತುಂಬಿ ಇನ್ನೊಮ್ಮೆ ಅಳೀರಿ, ಸಮ ಅಳತೆಗೂ ರಾಶಿ ಅಳತೆಗೂ ಎದ್ದುಕಾಣುವ ವ್ಯತ್ಯಾಸ ಬರುತ್ತದೆ.

ಅಂಚು, ತಳದಲ್ಲಿ ಸರ್ಕಾರಿ ಮುದ್ರೆ ಹುಡುಕ್ರಿ, ಓರೆ ಬೆಳಕಿನಲ್ಲಿ. ಮೆಟ್ರಿಕ್ ಬಂದ ಮೇಲಿನ ಅಳತೆಗಳಲ್ಲಿ ಇಸವಿಯ ಕೊನೆಯ ಎರಡು ಅಂಕಿ, ತ್ರೈಮಾಸಿಕಕ್ಕೆ ಎ, ಬಿ, ಸಿ, ಡಿ ಅಕ್ಷರ ಒತ್ತಿರುತ್ತಾರೆ. ತಳ ಒಳಕ್ಕೆ ನುಗ್ಗಿದ್ದರೆ ಅದನ್ನೂ ಬರೀರಿ, ಅದರಿಂದ ಅಳತೆ ಕಡಿಮೆಯಾಗುತ್ತದೆ. ಹಾಗೆಯೇ ಆ ಅಂಗಡಿಯಲ್ಲಿ ಹಮಾಲಿ ಮಾಡಿದ ಹಿರಿಯರು ಯಾರಾದರೂ ಇದ್ದರೆ ಸೇರನ್ನು ಅವರ ಕೈಗೆ ಕೊಟ್ಟು, ಕಾಳು ಅಳೆಯುವಾಗ ರಾಶಿ ಬಿಡುತ್ತಿದ್ದರೋ ಸಮ ಮಾಡುತ್ತಿದ್ದರೋ ಅಂತ ಕೇಳಿ ವಿಡಿಯೋ ತಗೊಳ್ರಿ. ಕೊಳ್ಳುವಾಗ ಒಂದು, ಮಾರುವಾಗ ಒಂದು ಇದ್ದಿರಬಹುದು, ಎರಡನ್ನೂ ಕೇಳ್ರಿ. ಈ ಕೆಲಸ ಮನೆ ಕೆಡವುವ ತನಕ ಕಾಯಬಾರದು, ಇದೇ ವಾರ ಆಗಲಿ.